ಸೋಮವಾರ ಹೂಡಿದ ಎತ್ತು

ಮೇಲವಂಕಿ
೬ ಡಿಸೆಂಬರ್ ೨೦೨೪

ಮುತ್ತಪ್ಪನಿಗೆ ಶಿದ್ಲಿಂಗಪ್ಪ ಬರೆಯುವುದು.

ಇಲ್ಲಿ ಕ್ಷೇಮವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿಗೆ ಮುಟ್ಟುವ ಹಾಗೆ ಕೂಗಿದರೆ ನಿನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಕೇಳುತ್ತದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಕೈ ಇದು. ಅಕ್ಷರ ಸೊಟ್ಟಗಿದ್ದರೆ ಸೊಟ್ಟಗೇ ಓದಿಕೋ.

ಊರವರು ನನ್ನನ್ನು ಕಟ್ಟೆಗೆ ಕರೆದಿದ್ದಾರೆ. ಎಳ್ಳ ಅಮಾವಾಸ್ಯೆಯ ದಿನ ಬಸವಣ್ಣನ ಗುಡಿಯ ಮುಂದೆ ನಿಂತು ತಪ್ಪಾಯಿತು ಅನ್ನಬೇಕಂತೆ. ಎತ್ತಿನ ನೊಗವನ್ನು ಹೆಗಲ ಮೇಲೆ ಹೊತ್ತು ಗುಡಿಯ ಸುತ್ತ ಐದು ಸುತ್ತು ಹಾಕಬೇಕಂತೆ. ಒಲ್ಲೆ ಅಂದರೆ ನನ್ನ ಹೊಲಕ್ಕೆ ಇನ್ನು ಮುಂದೆ ಯಾರೂ ಮುಯ್ಯಾಳಾಗಿ ಬರುವುದಿಲ್ಲ. ನಾನು ಮಾಡಿದ್ದೇನು? ಸೋಮವಾರ ಎತ್ತು ಹೂಡಿದೆ. ಹೌದು, ಹೂಡಿದೆ. ಸೋಮವಾರ ಬಸವಣ್ಣನ ದಿನ, ಅಂದು ಎತ್ತಿನ ಕೊರಳಿಗೆ ನೊಗ ಮುಟ್ಟಿಸಬಾರದು, ಇದು ನಮ್ಮ ಮುತ್ತಜ್ಜನ ಕಾಲದಿಂದ ಬಂದದ್ದು ಅಂತ ನನಗೆ ಹೇಳಿಕೊಡುತ್ತಾರೆ. ನನಗೆ! ಎಪ್ಪತ್ತೊಂದು ವರ್ಷದಲ್ಲಿ ಒಂದು ಸೋಮವಾರವೂ ತಪ್ಪದವನಿಗೆ!

ಏನಾಯಿತು ಕೇಳು. ಮೊನ್ನೆ ಸೋಮವಾರ ಅಕಾಲದ ಮಳೆ. ಲಕ್ಷ್ಮಣನ ಕಬ್ಬು ಕಡಿಯಲು ವಿಜಯಪುರದ ಕಡೆಯಿಂದ ಬಂದ ಗ್ಯಾಂಗಿನವರು ನಮ್ಮ ಹೊಲದ ಕೊಟ್ಟಿಗೆಯ ಬಾಜೂ ಗುಡಿಸಲು ಹಾಕಿಕೊಂಡಿದ್ದಾರೆ. ಅವರಲ್ಲಿ ಮಾಯಾ ಅನ್ನುವ ಹುಡುಗಿ ದಿನ ತುಂಬಿದ ಬಸುರಿ. ಮುಂಜಾನೆ ನೋವು ಹತ್ತಿತು. ಆಂಬ್ಯುಲೆನ್ಸ್ ಬಂತು. ಬಂದು ಡಾಂಬರು ರಸ್ತೆಯ ಮೇಲೆ ನಿಂತಿತು. ಅಲ್ಲಿಂದ ಗುಡಿಸಲಿಗೆ ಎರಡು ಮೈಲಿ ಎರೆಮಣ್ಣಿನ ದಾರಿ, ನಿನಗೆ ಗೊತ್ತೇ ಇದೆ. ಗಾಡಿ ಇಳಿದರೆ ಗಾಲಿ ಮೇಲೇಳುವುದಿಲ್ಲ. ಮಾಯಾಳ ಅತ್ತೆ ಉದ್ದವ್ವ ಲಕ್ಷ್ಮಣನ ಮನೆಗೆ ಓಡಿದಳು. ಅವನ ಟ್ರ್ಯಾಕ್ಟರು ಅಂಗಳದಲ್ಲೇ ಇತ್ತು, ಹಿಂದೆ ಕಬ್ಬು ತುಂಬಿದ ಟ್ರೇಲರು.

"ಲೋಡ್ ಬಿಚ್ಚಾಕ ಕುಂತ್ರ ಫ್ಯಾಕ್ಟರಿ ಪಾಳಿ ತಪ್ಪತೈತಿ ಬೇ. ಒಂದೆರಡು ತಾಸು ತಡಕೊ ಅನ್ನು ಆಕಿಗೆ" ಅಂದನಂತೆ ಆ ಬಾಡ್ಯಾ.

ತಡೆದುಕೋ ಅನ್ನಬೇಕಂತೆ! ಅವನ ಟ್ರೇಲರಿನಲ್ಲಿದ್ದ ಕಬ್ಬಿನಲ್ಲಿ ಆ ಹುಡುಗಿ ಕಡಿದದ್ದೂ ಇತ್ತು.

ಉದ್ದವ್ವ ತಿರುಗಿ ಬಂದು ನನ್ನ ಕಾಲು ಹಿಡಿದಳು. ನಾನು ಚಕ್ಕಡಿ ಎಳೆದೆ. ಈಗ ಮುಖ್ಯ ಮಾತು ಕೇಳು ಮುತ್ತಪ್ಪ. ನಿನ್ನ ಎತ್ತು ಕೆಂದ ಮಲಗಿ ಮೆಲುಕು ಹಾಕುತ್ತಿದ್ದ. ಅವನಿಗೆ ಸೋಮವಾರ ಗೊತ್ತಲ್ಲ. ಗುಡಿಸಲಿನಿಂದ ಆ ಹುಡುಗಿ ಚೀರಿದ್ದು ಕೇಳಿತು ನೋಡು, ಕಿವಿ ನಿಮಿರಿಸಿದ, ತಾನೇ ಎದ್ದ, ನೊಗಕ್ಕೆ ತಾನೇ ಕೊರಳು ಕೊಟ್ಟ. ಬಾಯಿಲ್ಲದ ಪ್ರಾಣಿಗಿರುವ ಕರುಳು ಲಕ್ಷ್ಮಣನಿಗಿಲ್ಲ. ಹುಡುಗಿ ಗೋಕಾಕದ ದವಾಖಾನೆ ಮುಟ್ಟಿದಳು, ಹೆಣ್ಣು ಕೂಸು, ಇಬ್ಬರೂ ಅರಾಮ ಇದ್ದಾರೆ.

ಮರುದಿನ ಕಟ್ಟೆಯ ಮೇಲೆ ಮೊದಲು ಬಾಯಿ ಬಿಟ್ಟವನು ಯಾರು ಅಂತೀ? ಅದೇ ಲಕ್ಷ್ಮಣ. ಟ್ರ್ಯಾಕ್ಟರಿಗೆ ಯಾವ ವಾರದ ನೇಮವೂ ಇಲ್ಲ. ಅದನ್ನು ಕೊಡದವನು ಎತ್ತಿನ ಸೋಮವಾರಕ್ಕೆ ಕಣ್ಣೀರು ಹಾಕುತ್ತಾನೆ.

ಜೋಡಿಯಲ್ಲಿ ಒಂದೆತ್ತು ನಿನ್ನದು. ನೀನು ನಾಲ್ಕು ಸಾಲು ಬರೆದು ಕಳಿಸು: ನನ್ನ ಎತ್ತಿಗೆ ಏನೂ ಅನ್ಯಾಯವಾಗಿಲ್ಲ ಅಂತ. ಕಟ್ಟೆಯ ಮೇಲೆ ಓದಿಸಿ ಅವರ ಬಾಯಿ ಮುಚ್ಚಿಸುತ್ತೇನೆ.

ಬೇಗ ಬರೆ.
ಶಿದ್ಲಿಂಗಪ್ಪ


ಹುಕ್ಕೇರಿ
೧೨ ಡಿಸೆಂಬರ್ ೨೦೨೪

ಶಿದ್ಲಿಂಗಪ್ಪನಿಗೆ ಮುತ್ತಪ್ಪನ ಶರಣು.

ಕಾಗದ ಮುಟ್ಟಿತು. ಸುಜಾತಾ ಓದುತ್ತೇನೆ ಅಂದಳು, ಮಗಳಿಗೆ ಕೊಡದೆ ನಾನೇ ಓದಿದೆ. ನಿನ್ನ ಬೈಗುಳ ಹೆಣ್ಣುಮಕ್ಕಳ ಬಾಯಿಂದ ಕೇಳುವಂಥವಲ್ಲ.

ಹುಡುಗಿಯನ್ನು ಒಯ್ದದ್ದು ಸರಿ. ಸೋಮವಾರ ಹೂಡಿದ್ದಕ್ಕೆ ನಾನು ನಿನ್ನನ್ನು ಒಂದು ಮಾತೂ ಅನ್ನುವುದಿಲ್ಲ. ಬಸವಣ್ಣನೂ ಅನ್ನಲಾರ. ಲಕ್ಷ್ಮಣನ ವಿಷಯದಲ್ಲಿ ನೀನು ಬೈದದ್ದು ಕಡಿಮೆಯೇ ಆಯಿತು.

ಆದರೆ ಕೆಂದ ತಾನೇ ಎದ್ದ ಅಂದೆಯಲ್ಲ, ಅದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಕೆಂದನನ್ನು ನಾನು ಕರುವಾಗಿದ್ದಾಗಿನಿಂದ ಬಲ್ಲೆ. ನಿನಗೆ ನೆನಪಿರಬೇಕು, ನಾವು ಜೋಡಿ ಕೂಡಿಸಿದ ಎರಡನೇ ವರ್ಷ ನಿನ್ನ ಸೊಸೆ ಭಾಗ್ಯಾ ಹೊಸದಾಗಿ ಬಂದಿದ್ದಳು. ನಮ್ಮ ಕಟ್ಟಳೆ ಅವಳಿಗೆ ತಿಳಿದಿರಲಿಲ್ಲ. ನಿನ್ನ ಕೊಟ್ಟಿಗೆಯಲ್ಲಿ ಮೊದಲ ಬೊಗಸೆ ಹಿಂಡಿ ನನ್ನ ಎತ್ತಿಗೆ, ನನ್ನ ಕೊಟ್ಟಿಗೆಯಲ್ಲಿ ಮೊದಲ ಬೊಗಸೆ ನಿನ್ನ ಎತ್ತಿಗೆ. ಅವಳು ನಿನ್ನ ಬಿಳಿಯನಿಗಷ್ಟೇ ಹಿಂಡಿ ಇಟ್ಟು, ಕೆಂದನಿಗೆ ಬರೀ ಜೋಳದ ಕಣಿಕೆ ಹಾಕಿದಳು. ದಿನಾ ತಿನ್ನುವ ಕಣಿಕೆಯೇ. ಕೆಂದ ಅದನ್ನು ಮೂಸಿ, ಬಿಳಿಯನ ಬುಟ್ಟಿ ನೋಡಿ, ಕೊಂಬಿನಿಂದ ತನ್ನ ಮೇವನ್ನೆಲ್ಲ ಚೆಲ್ಲಾಡಿದ. ಅದು ಹೋಗಲಿ, ಹೊಟ್ಟೆಕಿಚ್ಚು ಅನ್ನೋಣ. ನಾವಿಬ್ಬರೂ ನಿಂತು ನೋಡಿದ್ದು ಅದರ ಮೇಲಿನದು. ಬಿಳಿಯ ತನ್ನ ಬುಟ್ಟಿಯಲ್ಲಿ ಹಿಂಡಿ ಇದ್ದರೂ ಬಾಯಿ ಹಿಂದಕ್ಕೆ ತೆಗೆದು ನಿಂತುಬಿಟ್ಟ. ಭಾಗ್ಯಾ ಕೆಂದನಿಗೂ ತಂದು ಇಟ್ಟ ಮೇಲೆಯೇ ಇಬ್ಬರೂ ಕೂಡಿ ತಿಂದರು. ನೀನು ಅಂದು ಸೊಸೆಗೆ ಏನಂದೆ? "ನೋಡ ತಂಗಿ, ಇವಕ್ಕ ಯಾರೂ ಸಾಲಿ ಕಲಿಸಿಲ್ಲ, ಆದ್ರೂ ಪಾಲು ಗೊತ್ತೈತಿ" ಅಂದೆ.

ಅಂಥ ಪ್ರಾಣಿ ತನ್ನ ಪಾಲಿನ ದಿನ ಬಿಟ್ಟು ಎದ್ದು ಬಂತೇ? ಸೋಮವಾರ ನಾನು ಕರೆದರೂ ಅವನು ತಲೆ ಎತ್ತುತ್ತಿರಲಿಲ್ಲ.

ಒಂದೇ ಪ್ರಶ್ನೆ. ಹೇಗೆ ಎದ್ದ? ಅದನ್ನು ಬರೆ. ಆಮೇಲೆ ನೀನು ಕೇಳಿದ ನಾಲ್ಕು ಸಾಲು ಬರೆದು ಕೊಡುತ್ತೇನೆ.

ನಿನ್ನ
ಮುತ್ತಪ್ಪ


ಮೇಲವಂಕಿ
೧೭ ಡಿಸೆಂಬರ್ ೨೦೨೪

ಮುತ್ತಪ್ಪ,

ನಾನು ಸುಳ್ಳು ಹೇಳುತ್ತೇನೆ ಅಂತ ನೇರವಾಗಿ ಬರೆಯಲು ನಿನಗೆ ಧೈರ್ಯ ಸಾಲಲಿಲ್ಲ. ಹಿಂಡಿಯ ಕಥೆ ಹೇಳಿ ಸುತ್ತಿಕೊಂಡು ಬಂದೆ.

ಮೊಣಕಾಲು ನೋವು ಅಂತ ಮಗಳ ಮನೆ ಸೇರಿ ನಾಲ್ಕು ವರ್ಷವಾಯಿತು. ಜೋಡಿ ಅಗಲಿಸಬಾರದು ಅಂತ ಕೆಂದನನ್ನು ನನ್ನ ಹತ್ತಿರ ಬಿಟ್ಟು ಹೋದೆ. ನಾಲ್ಕು ವರ್ಷ ಯಾರು ಅವನ ಸೆಗಣಿ ಬಳಿದದ್ದು? ಕಾಲು ಬಾತಾಗ ಹಿಡಕಲ್ಲಿನಿಂದ ದನದ ಡಾಕ್ಟರನ್ನು ಯಾರು ಕರೆದುಕೊಂಡು ಬಂದದ್ದು? ಮೊದಲ ಬೊಗಸೆ ಅವನಿಗೇ ಇಟ್ಟಿದ್ದೇನೆ, ಒಂದು ದಿನ ತಪ್ಪಿಲ್ಲ. ನೀನು ಹುಕ್ಕೇರಿಯಲ್ಲಿ ಹಾಸಿಗೆಯ ಮೇಲೆ ಕೂತು ನನ್ನನ್ನು ವಿಚಾರಣೆ ಮಾಡುತ್ತೀ.

ಇಲ್ಲಿ ನಡೆದದ್ದು ಕೇಳು. ನಿನ್ನೆ ಕಡಲೆಯ ಹೊಲದ ಕಳೆಗೆ ಮುಯ್ಯಾಳು ಬರಬೇಕಿತ್ತು. ಯಾರೂ ಬರಲಿಲ್ಲ. ಭಾಗ್ಯಾ ಒಬ್ಬಳೇ ಸೊಂಟ ಬಗ್ಗಿಸಿ ತೆಗೆದಳು. ಶಂಕ್ರವ್ವ ದಾರಿಯಲ್ಲಿ ಸಿಕ್ಕಳು. ಇಪ್ಪತ್ತು ವರ್ಷ ಅವಳ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ಅವಳು ಮುಯ್ಯಾಳಾಗಿ ಹೋಗಿ ಬಂದಿದ್ದೇವೆ.

"ಬರಾಕ ಮನಸೈತಿ ಶಿದ್ಲಿಂಗಣ್ಣಾ, ನನ್ನ ಮಗಾ ಒಲ್ಲೆ ಅಂತಾನ" ಅಂದಳು.

"ನಿನ್ನ ಮಗ್ಗ ಆ ದಿನ ನೋವು ಹತ್ತಿದ್ರ ಗೊತ್ತಾಕ್ಕಿತ್ತು" ಅಂದೆ. ತಲೆ ತಗ್ಗಿಸಿ ಹೋದಳು.

ಇವರಿಗೆಲ್ಲ ಎತ್ತಿನ ಸೋಮವಾರ ಕಾಣುತ್ತದೆ. ಆ ಗ್ಯಾಂಗಿನ ಹೆಂಗಸರಿಗೆ ಯಾವ ವಾರ? ಹೆರುವ ದಿನದವರೆಗೆ ಕಬ್ಬಿನ ಮೋಳಿಗೆ ಹೊತ್ತವಳಿಗೆ ಯಾವ ದೇವರ ದಿನ ಕೊಟ್ಟಿದ್ದಾರೆ? ಇದನ್ನು ಕೇಳುವವನು ಇಡೀ ಊರಲ್ಲಿ ನಾನೊಬ್ಬನೇ. ನನ್ನ ಬೆನ್ನಿಗೆ ನಿಲ್ಲಬೇಕಾದವನು ನೀನು. ನೀನು ಕೇಳುವುದು, ಎತ್ತು ಹೇಗೆ ಎದ್ದಿತು!

ಎದ್ದಿತು. ಕಾಲಿನ ಮೇಲೆ ಎದ್ದಿತು. ಎತ್ತು ಹೇಗೆ ಏಳುತ್ತದೆಯೋ ಹಾಗೆ.

ನಾಲ್ಕು ಸಾಲು ಬರೆಯುತ್ತೀಯೋ ಇಲ್ಲವೋ?

ಶಿದ್ಲಿಂಗಪ್ಪ


ಹುಕ್ಕೇರಿ
೨೩ ಡಿಸೆಂಬರ್ ೨೦೨೪

ಶಿದ್ಲಿಂಗಪ್ಪನಿಗೆ,

ಬರೆಯುವುದಿಲ್ಲ.

ಅಳಿಯ ಶ್ರೀಶೈಲ ನಿನ್ನೆ ಟೆಂಪೋ ತೆಗೆದುಕೊಂಡು ಮೂಡಲಗಿಗೆ ಹೋಗಿದ್ದ. ಬರುವಾಗ ನಿಮ್ಮ ಹೊಲದ ಕಡೆ ಹಾಯ್ದು ಬಾ ಅಂತ ನಾನೇ ಹೇಳಿದ್ದೆ. ನೀನು ಇರಲಿಲ್ಲವಂತೆ. ಭಾಗ್ಯಾ ಚಹಾ ಕೊಟ್ಟಳಂತೆ, ಕೊಟ್ಟಿಗೆಯ ಕಡೆ ಹೋಗುವುದು ಬೇಡ ಅಂದಳಂತೆ. ಅವನು ಹೋದ.

ಕೆಂದನ ತೊಡೆಯ ಮೇಲೆ ಮೊಳೆ ಇಳಿದ ಗಾಯಗಳಿವೆ. ಅರಿಶಿನ ಹಚ್ಚಿದ್ದೀರಿ. ಒಂದು ಇನ್ನೂ ಕೀವಾಗಿದೆ. ಬಿಳಿಯನ ಮೈ ಮೇಲೆ ಒಂದು ಗೀರೂ ಇಲ್ಲ.

ಹನ್ನೊಂದು ವರ್ಷದಲ್ಲಿ ನನ್ನ ಎತ್ತಿಗೆ ಮೊಳೆ ಚುಚ್ಚಿದವರಿಲ್ಲ. ನನ್ನ ಬಾರುಕೋಲಿಗೆ ಮೊಳೆಯೇ ಇರಲಿಲ್ಲ. ನಿನ್ನದಕ್ಕೆ ಇದೆ ಅನ್ನುವುದೂ ನನಗೆ ಗೊತ್ತಿರಲಿಲ್ಲ.

ಹೊಸ ವರ್ಷದ ಮೊದಲ ವಾರ ಶ್ರೀಶೈಲ ಟೆಂಪೋ ತರುತ್ತಾನೆ. ಕೆಂದನನ್ನು ಕಳಿಸು. ಮಾರುವುದಿಲ್ಲ, ಸುಜಾತಾಳ ಹಿತ್ತಿಲಲ್ಲಿ ಕಟ್ಟಿಕೊಳ್ಳುತ್ತೇನೆ. ಜೋಡಿ ಅಗಲುತ್ತದೆ. ಅಗಲಲಿ.

ಮುತ್ತಪ್ಪ


ಮೇಲವಂಕಿ
೨೭ ಡಿಸೆಂಬರ್ ೨೦೨೪

ಮುತ್ತಪ್ಪನಿಗೆ,

ಹೊಡೆದೆ. ಅದಕ್ಕೆ ಎದ್ದ. ಸಾಕೇ?

ಸಾಕಾಗುವುದಿಲ್ಲ ನಿನಗೆ. ಬರೆಯುತ್ತೇನೆ. ಸಿಟ್ಟಿನಿಂದಲೇ ಬರೆಯುತ್ತೇನೆ, ಯಾರ ಮೇಲೆ ಅಂತ ಕೇಳಬೇಡ.

ಹುಡುಗಿ ಚೀರಿದ್ದು ನಿಜ. ಕೆಂದ ಕಿವಿ ನಿಮಿರಿಸಿದ್ದೂ ನಿಜ. ಅಷ್ಟೇ. ಮತ್ತೆ ಮೆಲುಕು ಹಾಕತೊಡಗಿದ. ಕರೆದೆ, ಮೂಗುದಾರ ಎಳೆದೆ, ಬಾಲ ತಿರುಚಿದೆ. ಏಳಲಿಲ್ಲ. ಉದ್ದವ್ವ ಅಳುತ್ತಿದ್ದಳು. ತೊಲೆಯ ಮೇಲೆ ನಮ್ಮಪ್ಪನ ಕಾಲದ ಬಾರುಕೋಲು ಇತ್ತು, ಮೊಳೆಯದು. ಇಳಿಸಿದೆ. ಎರಡನೇ ಸಲಕ್ಕೆ ಎದ್ದ.

ಅರ್ಧ ದಾರಿಯಲ್ಲಿ ಹಳ್ಳದ ಹತ್ತಿರ ಗಾಲಿ ಹೂತಿತು. ಕೆಂದ ಮೊಣಕಾಲೂರಿ ಕೂತುಬಿಟ್ಟ. ಚುಚ್ಚಿದೆ. ಆಗ ಬಿಳಿಯ ಮಾಡಿದ್ದು ಹೇಳುತ್ತೇನೆ. ಅವನ ಮೈಗೆ ನಾನು ಕೋಲು ತಾಗಿಸಿರಲಿಲ್ಲ. ಅಲ್ಲಿಯವರೆಗೆ ಅವನು ಎಳೆಯುತ್ತಲೇ ಇದ್ದ. ಕೆಂದನಿಗೆ ಏಟು ಬಿದ್ದ ಕೂಡಲೇ ಅವನೂ ನಿಂತ. ನೊಗದೊಳಗೇ ಕತ್ತು ಹೊರಳಿಸಿ ಕೆಂದನ ಕೊರಳ ಕೆಳಗಿನ ಗಂಗೆದೊಗಲು ನೆಕ್ಕತೊಡಗಿದ. ನಾನು ಇಲ್ಲಿ ಚುಚ್ಚುವುದು, ಅವನು ಅಲ್ಲಿ ನೆಕ್ಕುವುದು. ಮಳೆ ಬೇರೆ. ನಿನಗೆ ಬರೆದೆನಲ್ಲ ಎತ್ತಿಗೆ ಕರುಳಿದೆ ಅಂತ, ಇದೆ. ಆದರೆ ನಾನು ಬರೆದ ಕಡೆ ಅದು ಇರಲಿಲ್ಲ. ಬೇರೆ ಕಡೆ ಇತ್ತು.

ಇನ್ನೊಂದು ಇದೆ. ಇದನ್ನು ಭಾಗ್ಯಾಳಿಗೂ ಹೇಳಿಲ್ಲ.

ಚಕ್ಕಡಿಯಲ್ಲಿ ಮಲಗಿದ್ದ ಆ ಹುಡುಗಿ ಮೊಣಕೈ ಊರಿ ಎದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. "ಅಜ್ಜಾರ, ಅದಕ್ಕ ಹೊಡಿಬ್ಯಾಡ್ರಿ" ಅಂದಳು. "ನಾ ಇಳದು ನಡಕೋತ ಹೊಕ್ಕೀನಿ."

"ಸುಮ್ಮ ಬಿದ್ಕೊಳ್ಳಲೇ!" ಅಂತ ಒದರಿದೆ. ಹೆರುವವಳಿಗೆ.

ಅವಳು ಖರೆ ಖರೆ ಕಾಲು ಕೆಳಗೆ ಬಿಟ್ಟಳು. ಉದ್ದವ್ವ ತಬ್ಬಿ ಹಿಡಿದಳು. ನಾನು ಮತ್ತೆ ಚುಚ್ಚಿದೆ. ಎಷ್ಟು ಸಲ ಅಂತ ಕೇಳಬೇಡ, ಶ್ರೀಶೈಲ ನೋಡಿದ್ದಾನಲ್ಲ. ಕೊನೆಗೆ ಕೆಂದ ಎದ್ದ, ಗಾಲಿ ಎದ್ದಿತು, ರಸ್ತೆ ಮುಟ್ಟಿದೆವು. ಆಂಬ್ಯುಲೆನ್ಸಿನ ನರ್ಸಬಾಯಿ ಅಂದಳು, "ಇನ್ನ ಅರ್ಧಾ ತಾಸು ತಡ ಆಗಿದ್ರ ಇಬ್ರೂ ಉಳೀತಿದ್ದಿಲ್ರಿ ಯಜಮಾನ್ರ. ಚಲೋ ಮಾಡಿದ್ರಿ."

ಚಲೋ ಮಾಡಿದೆ. ಈಗ ನೀನು ಹೇಳು. ಹೊಡೆಯಬಾರದಿತ್ತೇ? ಹೊಡೆಯದಿದ್ದರೆ ಕೂಸು ಇಲ್ಲ. ಹಾಗಾದರೆ ಹೊಡೆದದ್ದು ಸರಿ ಅನ್ನು. ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಆ ಹುಡುಗಿ ತನ್ನ ಜೀವ ಹೋಗುವ ಹೊತ್ತಿನಲ್ಲಿ ಎತ್ತಿನ ನೋವು ಕಂಡಳು. ಹುಟ್ಟಿದಾಗಿನಿಂದ ಎತ್ತಿನ ದುಡಿಮೆ ಉಂಡ ನಾನು ಕಾಣಲಿಲ್ಲ. ಕಾಣಲಿಲ್ಲ ಅನ್ನುವುದೂ ಸುಳ್ಳು. ಕಂಡೆ. ಕಂಡೂ ಚುಚ್ಚಿದೆ. ಒಂದು ಹಂತ ದಾಟಿದ ಮೇಲೆ ನಾನು ಹುಡುಗಿಯ ಸಲುವಾಗಿ ಚುಚ್ಚಲಿಲ್ಲ ಮುತ್ತಪ್ಪ. ನನ್ನ ಮಾತು ಕೇಳುವುದಿಲ್ಲ ಅಂತ ಚುಚ್ಚಿದೆ. ಲಕ್ಷ್ಮಣನ ಮೇಲಿನ ಸಿಟ್ಟು ಇತ್ತಲ್ಲ, ಅದು ಕೆಂದನ ತೊಡೆಯಲ್ಲಿ ಇಳಿಯಿತು.

ಸುಳ್ಳು ಏಕೆ ಬರೆದೆ ಅಂದರೆ ನಿನ್ನ ನಾಲ್ಕು ಸಾಲು ಬೇಕಿತ್ತು. ಮೊದಲು ಊರಿಗೆ ಹೇಳಿದೆ, ಆಮೇಲೆ ನಿನಗೆ. ಹೇಳುತ್ತ ಹೇಳುತ್ತ ನನಗೇ ಚೆಂದ ಕಂಡಿತು.

ಈಗ ಹಿಂಡಿ ಹಿಡಿದು ಹೋದರೆ ಕೆಂದ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕೈ ಎತ್ತಿದ್ದು ಏಕೆಂದು ಅವನಿಗೆ ಹೇಗೆ ತಿಳಿಯಬೇಕು?

ಅಮಾವಾಸ್ಯೆಗೆ ಕಟ್ಟೆ. ಹೋಗುತ್ತೇನೆ.

ಶಿದ್ಲಿಂಗಪ್ಪ


ಮೇಲವಂಕಿ
೩೧ ಡಿಸೆಂಬರ್ ೨೦೨೪

ಮುತ್ತಪ್ಪನಿಗೆ,

ನಿನ್ನೆ ಕಟ್ಟೆಗೆ ಹೋದೆ. ನೊಗ ಹೊತ್ತುಕೊಂಡೇ ಹೋದೆ. ಊರೆಲ್ಲ ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ ಹೊಲದಲ್ಲಿ ಉಂಡು ಬಂದು ಕೂತಿತ್ತು. ಹೊಟ್ಟೆ ತುಂಬಿದ ಜನ ನ್ಯಾಯ ಹೇಳುವುದನ್ನು ನೋಡಬೇಕು ನೀನು.

ಗುಡಿಯ ಹಿರಿಯ ಸೋಮಪ್ಪ ಕೇಳಿದ, "ತಪ್ಪ ಒಪ್ಪಕೊಂತೀಯೇನಪಾ ಶಿದ್ಲಿಂಗಪ್ಪಾ?"

"ಒಪ್ಪಕೊಂತೀನಿ" ಅಂದೆ. ಲಕ್ಷ್ಮಣನ ಮುಖ ಅರಳಿತು. "ಕೆಂದಗ ಮೊಳಿ ಚುಚ್ಚೀನಿ. ರಕ್ತ ಬರೂ ಹಂಗ ಚುಚ್ಚೀನಿ. ಎತ್ತು ತಾನ ಎದ್ದಿತು ಅಂತ ನಿಮ್ಮೆಲ್ಲಾರ ಮುಂದ ಸುಳ್ಳ ಹೇಳೀನಿ. ಅದಕ್ಕ ಈ ನೊಗ ಹೊತ್ತೀನಿ. ಎಷ್ಟ ಸುತ್ತ ಅಂತೀರಿ ಅಷ್ಟ ಹಾಕ್ತೀನಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಹೊಡದದ್ದು ಬಿಡೋ ಕಾಕಾ" ಅಂದ ಲಕ್ಷ್ಮಣ. "ಹೊಡೀದ ಎತ್ತು ನಡಿತಾವೇನು? ಅದನ್ಯಾರು ಕೇಳ್ಯಾರ ನಿನ್ನ? ನೀ ಸೋಮವಾರದ್ದು ಹೇಳು."

"ಹೊಡದದ್ದು ತಪ್ಪಲ್ಲೇನು?"

"ದಂಡ ಹಾಕೂವಂಥಾ ತಪ್ಪಲ್ಲ" ಅಂದ ಸೋಮಪ್ಪ. ಅವನು ಕೆಟ್ಟ ಮನುಷ್ಯನಲ್ಲ, ಸಮಾಧಾನ ಹೇಳುವವನ ಹಾಗೆ ಅಂದ. "ಅದು ಎಲ್ಲಾರ ಮನ್ಯಾಗಿಂದೈತಿ. ಸೋಮವಾರದ ನೇಮ ಊರಿಂದು."

ಕೇಳಿದೆಯಾ? ಮಂಗಳವಾರದಿಂದ ರವಿವಾರದವರೆಗೆ ತೊಡೆ ಹರಿಯುವ ಹಾಗೆ ಹೊಡೆ, ಸೋಮವಾರ ಅರಿಶಿನ ಹಚ್ಚಿ ಕೈ ಮುಗಿ. ಊರಿನ ಪುಸ್ತಕದಲ್ಲಿ ನೀನು ಶುದ್ಧ.

ನನಗೆ ತಡೆಯಲಿಲ್ಲ. "ಸೋಮವಾರ ಹೂಡಿದ್ದು ತಪ್ಪಲ್ಲ" ಅಂದೆ. "ನಾಳೆ ಮತ್ತೊಬ್ಬಾಕಿಗೆ ನೋವು ಹತ್ತಿದ್ರ ಸೋಮವಾರಾನ ಹೂಡ್ತೀನಿ. ನನ್ನ ಕೊಳ್ಳಿಗೆ ಕಟಗೊಂಡ ಎಳೀತೀನಿ. ನಿಮ್ಮ ಮುಯ್ಯಾಳು ನೀವ ಇಟ್ಕೋರಿ." ನೊಗವನ್ನು ಲಕ್ಷ್ಮಣನ ಕಾಲ ಹತ್ತಿರ ಒಗೆದು ಬಂದೆ. ಹಿಂದೆ ಏನೇನೋ ಕೂಗಿದರು. ಶಂಕ್ರವ್ವ ಮಾತ್ರ ಎದ್ದು ಮನೆಗೆ ಹೋದಳಂತೆ, ಮಗನ ಮುಂದೆಯೇ. ಇಂದು ಮುಂಜಾನೆ ಅವಳು ಕಳೆ ತೆಗೆಯುವ ಕುರ್ಚಿಗೆ ಹಿಡಿದು ಕಡಲೆಯ ಹೊಲಕ್ಕೆ ಬಂದಿದ್ದಳು. ಭಾಗ್ಯಾಳ ಪಕ್ಕದ ಸಾಲು ಹಿಡಿದು ಕೂತಳು.

ಈಗ ನಿನ್ನ ಮಾತಿಗೆ ಬರುತ್ತೇನೆ.

ಕೆಂದನನ್ನು ಕಳಿಸು ಅಂದೆ. ಕಳಿಸುತ್ತೇನೆ. ನನ್ನ ಕೈ ಕಂಡು ಕಣ್ಣು ಮುಚ್ಚುವ ಪ್ರಾಣಿಯನ್ನು ನಾನು ಕಟ್ಟಿಕೊಂಡಿರಬಾರದು. ಇದರಲ್ಲಿ ನಿನ್ನದು ಸರಿ.

ಆದರೆ ಜೋಡಿ ಅಗಲಲಿ ಅಂದೆಯಲ್ಲ, ಅದರಲ್ಲಿ ನಿನ್ನದು ತಪ್ಪು. ಎಷ್ಟು ಸಿಟ್ಟಿನಲ್ಲಿ ಬರೆದಿದ್ದರೂ ತಪ್ಪು. ಚುಚ್ಚಿದವನು ನಾನು. ಜೊತೆಗಾರನನ್ನು ಕಳೆದುಕೊಳ್ಳುವವನು ಬಿಳಿಯ. ಅವನೇನು ಮಾಡಿದ್ದ? ಆ ಹಳ್ಳದಲ್ಲಿ ಸರಿಯಾಗಿ ನಡೆದುಕೊಂಡವರು ಇಬ್ಬರೇ, ಆ ಹುಡುಗಿ ಮತ್ತು ಬಿಳಿಯ. ಅವನಿಗೆ ಈ ಶಿಕ್ಷೆ ಕೊಟ್ಟರೆ ನೀನೂ ಕಟ್ಟೆಯ ಮೇಲೆ ಕೂತ ಹಾಗೆಯೇ.

ಎರಡನ್ನೂ ಒಯ್ಯಿ.

ಬೆಲೆ ಗಿಲೆ ಅಂತ ಬರೆದರೆ ಕಾಗದ ಹರಿದು ಒಲೆಗೆ ಹಾಕುತ್ತೇನೆ. ನನ್ನ ಹೊಲದ ಚಿಂತೆ ನಿನಗೆ ಬೇಡ. ಊರಲ್ಲಿ ಬಾಡಿಗೆಗೆ ಸಿಗುವುದು ಲಕ್ಷ್ಮಣನ ಟ್ರ್ಯಾಕ್ಟರು ಒಂದೇ, ಅದನ್ನು ನಾನು ಕರೆಯುವುದಿಲ್ಲ. ಗುದ್ದಲಿ ಇದೆ. ಭಾಗ್ಯಾ ನನ್ನನ್ನು ಹುಚ್ಚ ಅನ್ನುತ್ತಿದ್ದಾಳೆ. ಮಗ ಮಾತು ಬಿಟ್ಟಿದ್ದಾನೆ. ಇಬ್ಬರೂ ಕೊಟ್ಟಿಗೆಯಲ್ಲಿ ನಿಂತು ಅತ್ತದ್ದನ್ನು ನಾನು ನೋಡಿಲ್ಲ ಅಂದುಕೊಂಡಿದ್ದಾರೆ.

ಕೆಂದನ ಕೀವಿನ ಗಾಯಕ್ಕೆ ಮೂಡಲಗಿಯ ಡಾಕ್ಟರು ಸೂಜಿ ಕೊಟ್ಟಿದ್ದಾರೆ, ಇನ್ನೂ ಎರಡು ಬಾಕಿ ಇವೆ, ಚೀಟಿ ಭಾಗ್ಯಾಳ ಹತ್ತಿರ ಇದೆ. ಬಿಳಿಯ ಹೊಸ ನೀರು ಮೊದಲ ದಿನ ಕುಡಿಯುವುದಿಲ್ಲ, ಗಾಬರಿಯಾಗಬೇಡ.

ಶನಿವಾರ ಶ್ರೀಶೈಲನನ್ನು ಕಳಿಸು. ನಾನು ಹೊಲದಲ್ಲಿ ಇರುವುದಿಲ್ಲ, ಗೋಕಾಕಕ್ಕೆ ಹೋಗುತ್ತೇನೆ. ಕೆಂದ ಟೆಂಪೋ ಕಂಡವನಲ್ಲ, ಹತ್ತಲು ಒಲ್ಲೆ ಅನ್ನುತ್ತಾನೆ. ಯಾರೂ ಬಾಲ ಮುಟ್ಟಬಾರದು. ಯಾರೂ ದನಿ ಏರಿಸಬಾರದು. ಬಿಳಿಯನನ್ನು ಮೊದಲು ಹತ್ತಿಸಿ, ಹತ್ತುವ ಹಲಗೆ ಹಾಗೆಯೇ ಬಿಟ್ಟು, ನೆರಳಿಗೆ ಹೋಗಿ ಕೂತುಕೊಳ್ಳಲು ಹೇಳು. ಎಷ್ಟು ಹೊತ್ತಾದರೂ ಕಾಯಲಿ. ಅವನೇ ಹತ್ತುತ್ತಾನೆ.

ಶಿದ್ಲಿಂಗಪ್ಪ